ಮೂಲಸೂಚಕ ಕ್ರಿಯಾಪದಗಳು

ವ್ಯಕ್ತಿ ಅಥವಾ ವಸ್ತು ಎಲ್ಲಿಯದೆಂಬುದನ್ನು ತಿಳಿಸುವ ಕ್ರಿಯಾರೂಪಗಳಿಗೆ ಈ ಹೆಸರು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಕಮ್ ಫ್ರಂ’ ಎಂಬುದು ವರ್ತಮಾನಕಾಲದಲ್ಲಿ ಹುಟ್ಟೂರನ್ನೂ ಭೂತಕಾಲದಲ್ಲಿ ಸಾಮಾನ್ಯವಾಗಿ ಪ್ರಯಾಣವನ್ನೂ ಸೂಚಿಸುತ್ತದೆ. ಕನ್ನಡದಲ್ಲಿ ಹೊರಟ ನೆಲೆಯನ್ನು ‘ಇಂದ’ ಪ್ರತ್ಯಯ ತಿಳಿಸುತ್ತದೆ. ಶಾಲಾ ವ್ಯಾಕರಣಗಳು ಪಂಚಮಿಗೆ, ಅಂದರೆ ಅಗಲಿಕೆಯ ಅರ್ಥದ ವಿಭಕ್ತಿಗೆ, ‘ದೆಸೆಯಿಂದ’ ಎಂಬ ರೂಪವನ್ನು ಕೊಟ್ಟರೂ ಆಡುಮಾತಿನಲ್ಲಿ ಅದರ ಬಳಕೆ ವಿರಳ.

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ‘ಯಲ್ದೂರಿನಿಂದ ಬಂದರು’ ಎಂಬುದು ಮುಖ್ಯವಾಗಿ ಪ್ರಯಾಣವನ್ನು ಹೇಳುತ್ತದೆ; ಮೂಲವನ್ನು ಹೇಳಲು ‘ಯಲ್ದೂರಿನವರು’, ‘ನಮ್ಮದು ಯಲ್ದೂರು’ ಎಂಬ, ಕ್ರಿಯಾಪದವೇ ಬೇಡದ ರಚನೆಗಳಿವೆ. ‘ಶ್ರೀನಿವಾಸಪುರದ ಮಾವು’ ಎಂಬಲ್ಲಿ ಷಷ್ಠೀ ವಿಭಕ್ತಿಯೇ, ಅಂದರೆ ಸಂಬಂಧಸೂಚಕ ಪ್ರತ್ಯಯವೇ, ಈ ಕೆಲಸವನ್ನು ಮಾಡುತ್ತದೆ.

ವ್ಯಕ್ತಿನಾಮಗಳಲ್ಲಿ ಪ್ರತ್ಯಯವೂ ಉಳಿಯುವುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನ ಮೊದಲ ಪದ ಮಾಲೂರು ತಾಲ್ಲೂಕಿನ ಊರು. ಆದರೆ ಇಂಥ ಊರು ಜನ್ಮಸ್ಥಳವೇ ಆಗಿರಬೇಕಿಲ್ಲ: ಡಿ.ವಿ. ಗುಂಡಪ್ಪನವರ ‘ಡಿ’ ದೇವನಹಳ್ಳಿಯಾದರೂ ಅವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ.