ಚಳಿಯಲ್ಲಿ ಪಳಗಿದ ಕಾರು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋಗಿ ಎಂಜಿನ್ ಆಯಿಲ್ ಕೇಳಿದರೆ, ಗಾಡಿ ಯಾವುದೆಂದು ವಿಚಾರಿಸಿಕೊಂಡು ಅಂಗಡಿಯವರು ಒಂದು ಡಬ್ಬಿ ಇಳಿಸುತ್ತಾರೆ. ಅದರ ಮೇಲೆ 5ಡಬ್ಲ್ಯೂ-30 ಎಂದೋ 10ಡಬ್ಲ್ಯೂ-40 ಎಂದೋ ಅಚ್ಚಾಗಿರುತ್ತದೆ. ನಡುವಿನ ಆ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಎಷ್ಟು ಚಿಕ್ಕದೋ, ಕೊರೆಯುವ ಚಳಿಯಲ್ಲಿ ಎಣ್ಣೆ ಅಷ್ಟು ಸಲೀಸಾಗಿ ಹರಿಯುತ್ತದೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ, ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆಯುವುದಕ್ಕೆ ಎರಡು ವರ್ಷ ಮುಂಚೆ. ಹಿಮವನ್ನೇ ಕಾಣದ ಊರಿನ ಗಾಡಿ ಹಿಮದ ಲೆಕ್ಕ ಹಾಕಿದ ಎಣ್ಣೆಯನ್ನು ಕುಡಿಯುತ್ತಿದೆ.

ಎಣ್ಣೆಯೊಂದೇ ಅಲ್ಲ. ಕಾರಿನ ಬಾನೆಟ್ ಎತ್ತಿ ನೋಡಿದರೂ ಸರಿ, ಡ್ಯಾಶ್‌ಬೋರ್ಡಿನ ದೀಪಗಳನ್ನು ಒಂದೊಂದಾಗಿ ಎಣಿಸಿದರೂ ಸರಿ, ಅರ್ಧಕ್ಕರ್ಧ ಸಲಕರಣೆಗಳ ಹುಟ್ಟೂರು ಚಳಿಯ ಸೀಮೆ. ಬಿಸಿಲಿನಲ್ಲಿ ಹೇಗೋ ತಳ್ಳಿಕೊಂಡು ಹೋಗುತ್ತಿದ್ದ ಯಂತ್ರ ಹಿಮದಲ್ಲಿ ಮುಗ್ಗರಿಸಿದಾಗಲೆಲ್ಲ ಯಾರೋ ಒಬ್ಬರು ಹೊಸದೊಂದು ಉಪಾಯ ಹೂಡಿದ್ದಾರೆ.

ಅಂಥವರಲ್ಲಿ ಮೊದಲಿಗರ ಪೈಕಿ ಒಬ್ಬಾಕೆ ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್. 20ನೇ ಶತಮಾನದ ಆರಂಭದ ಒಂದು ಚಳಿಗಾಲದಲ್ಲಿ ಆಕೆ ನ್ಯೂಯಾರ್ಕಿನಲ್ಲಿ ಟ್ರಾಮ್ ಹತ್ತಿದ್ದರು. ಮಂಜು ಬೆರೆತ ಮಳೆ. ಗಾಜಿನಾಚೆ ಏನೂ ಕಾಣದೆ ಚಾಲಕ ಮುಂದಿನ ಕಿಟಕಿಯನ್ನೇ ತೆರೆದು, ಮುಖಕ್ಕೆ ಹಿಮ ಬಡಿಸಿಕೊಳ್ಳುತ್ತ ಟ್ರಾಮ್ ನಡೆಸುತ್ತಿದ್ದ. ಊರಿಗೆ ಮರಳಿದ ಆಂಡರ್ಸನ್, ಒಳಗಿನಿಂದಲೇ ಹಿಡಿಕೆ ತಿರುಗಿಸಿ ಗಾಜು ಒರೆಸುವ ರಬ್ಬರ್ ಪಟ್ಟಿಯ ತೋಳೊಂದನ್ನು ರೂಪಿಸಿದರು. 1903ರ ನವೆಂಬರ್ 10ರಂದು ಪೇಟೆಂಟ್ ಸಿಕ್ಕಿತು, ಕಾಸು ಸಿಗಲಿಲ್ಲ. ಇದರಿಂದ ವ್ಯಾಪಾರವಾಗದು ಎಂದು ಕೆನಡಾದ ಕಂಪನಿಯೊಂದು ಕೈಚೆಲ್ಲಿತು. ವೈಪರ್ ಎಲ್ಲ ಕಾರುಗಳಿಗೂ ಹರಡುವಷ್ಟರಲ್ಲಿ ಪೇಟೆಂಟಿನ ಅವಧಿಯೇ ಮುಗಿದಿತ್ತು.

ಗಾಜು ಒರೆಸುವ ಮಾತು ಹಾಗಿರಲಿ, ಗಾಡಿ ಸ್ಟಾರ್ಟ್ ಆಗಬೇಕಲ್ಲ. ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ರಟ್ಟೆಬಲದಿಂದ ತಿರುಗಿಸುವ ಕಾಲ ಅದು. ಚಳಿಗೆ ಎಣ್ಣೆ ಕಾಕಂಬಿಯಂತೆ ಗಟ್ಟಿಯಾಗುತ್ತಿತ್ತು, ಪೆಟ್ರೋಲ್ ಆವಿಯಾಗಲು ಮುನಿಸಿಕೊಳ್ಳುತ್ತಿತ್ತು. ಎಂಜಿನ್ ಒಮ್ಮೊಮ್ಮೆ ಹಿಮ್ಮುಖವಾಗಿ ಒದ್ದು, ಹ್ಯಾಂಡಲ್ ರಪ್ಪನೆ ತಿರುಗಿ ಮಣಿಕಟ್ಟು ಮುರಿಯುತ್ತಿತ್ತು. ಇದಕ್ಕೆ ಮದ್ದು ಹುಡುಕಿದವರು ಓಹಾಯೋದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್. ಅಂಗಡಿಯ ಗಲ್ಲಾ ಯಂತ್ರಕ್ಕೆ ಪುಟ್ಟ ಮೋಟಾರು ಜೋಡಿಸಿದ್ದ ಅನುಭವ ಅವರಿಗಿತ್ತು. ಮೋಟಾರು ದಿನವಿಡೀ ತಿರುಗಬೇಕಿಲ್ಲ, ಕೆಲವು ಕ್ಷಣ ಜೋರಾಗಿ ಎಳೆದರೆ ಸಾಕು ಎಂಬುದೇ ಅವರಿಗೆ ಹೊಳೆದ ಗುಟ್ಟು. 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರಿನಲ್ಲಿ ಆ ಸೆಲ್ಫ್ ಸ್ಟಾರ್ಟರ್ ಬಂತು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಕೇಳುವ “ಸೆಲ್ಫ್ ಹಿಡೀತಿಲ್ಲ” ಎಂಬ ಮಾತಿನ ಸೆಲ್ಫ್ ಅದೇ.

ಸೆಲ್ಫ್ ಬಂದ ಮೇಲೆ ಭಾರವೆಲ್ಲ ಬ್ಯಾಟರಿಯ ಹೆಗಲೇರಿತು. ಸೀಸ ಮತ್ತು ಆಮ್ಲದ ಬ್ಯಾಟರಿ ಒಳಗಿನ ರಾಸಾಯನಿಕ ಕ್ರಿಯೆಯಿಂದ ಬದುಕುವಂಥದ್ದು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಹೋದರೆ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ, ಗಟ್ಟಿಯಾದ ಎಣ್ಣೆಯಲ್ಲಿ ಸಿಕ್ಕಿಕೊಂಡ ಎಂಜಿನ್ ಹೆಚ್ಚು ಬಲ ಬೇಡುತ್ತದೆ. ಬೇಸಿಗೆಯಲ್ಲಿ ಮುಲುಕುತ್ತಲಾದರೂ ಕೆಲಸ ಮಾಡುತ್ತಿದ್ದ ಹಳೇ ಬ್ಯಾಟರಿ ಮೊದಲ ಹಿಮದ ಬೆಳಿಗ್ಗೆ ಕೈಕೊಡುವುದು ಇದಕ್ಕೇ.

ರೇಡಿಯೇಟರಿನ ಕಷ್ಟ ಬೇರೆ ಬಗೆಯದು. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಸುಮಾರು ಒಂಬತ್ತು ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣದ ಎಂಜಿನ್ನನ್ನೂ ಸೀಳಿಬಿಡುತ್ತದೆ. ಹಳಬರು ರಾತ್ರಿ ನೀರು ಬಸಿದು, ಬೆಳಿಗ್ಗೆ ಬಿಸಿನೀರು ಹೊಯ್ದು ಗಾಡಿ ಎಬ್ಬಿಸುತ್ತಿದ್ದರು. ಬಾನೆಟ್‌ಗೆ ಕಂಬಳಿ ಹೊದಿಸುತ್ತಿದ್ದರು. ಆಲ್ಕೋಹಾಲ್ ಬೆರೆಸಿದವರೂ ಉಂಟು, ಆದರೆ ಎಂಜಿನ್ ಕಾದಂತೆ ಅದು ಆವಿಯಾಗಿ ಹಾರಿಹೋಗುತ್ತಿತ್ತು. 1850ರ ದಶಕದಲ್ಲೇ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವುರ್ಟ್ಸ್ ತಯಾರಿಸಿದ್ದ ಇಥಿಲೀನ್ ಗ್ಲೈಕಾಲ್ 1920ರ ದಶಕದ ಕೊನೆಗೆ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಡಬ್ಬಿಯಲ್ಲಿ ಮಾರಾಟಕ್ಕೆ ಬಂತು. ನೀರಿನೊಂದಿಗೆ ಸಮಸಮ ಬೆರೆಸಿದರೆ ಮೈನಸ್ 35 ಡಿಗ್ರಿಯ ಆಸುಪಾಸಿನವರೆಗೂ ಅದು ಹೆಪ್ಪುಗಟ್ಟದು. ಅದೇ ಮಿಶ್ರಣ ಕುದಿಯುವ ಬಿಂದುವನ್ನೂ ಮೇಲಕ್ಕೆ ತಳ್ಳುತ್ತದೆ, ಅದಕ್ಕೆ ಸೇರಿಸಿದ ರಾಸಾಯನಿಕಗಳು ಒಳಗಿನ ತುಕ್ಕನ್ನೂ ತಡೆಯುತ್ತವೆ. ಹಾಗಾಗಿಯೇ ಚಳಿಗೆಂದು ಹುಟ್ಟಿದ ಕೂಲಂಟ್ ರಾಯಚೂರಿನ ಬೇಸಿಗೆಯಲ್ಲೂ ಬೇಕು. ಬರೀ ನಲ್ಲಿ ನೀರು ತುಂಬಿ ಓಡಿಸುವವರು ಕಳೆದುಕೊಳ್ಳುವುದು ಈ ಎರಡು ಲಾಭಗಳನ್ನು.

ಅಮೆರಿಕದ ನಾರ್ತ್ ಡಕೋಟಾದ ಆಂಡ್ರೂ ಫ್ರೀಮನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಂಜಿನ್ ತಣ್ಣಗಾಗಲು ಬಿಟ್ಟರೆ ತಾನೆ ಈ ಗೋಳು? ಎಂಜಿನ್ನಿನ ಬೋಲ್ಟ್ ಒಂದರ ಜಾಗದಲ್ಲಿ ಕೂರುವ ವಿದ್ಯುತ್ ಹೀಟರ್ ಮಾಡಿ 1949ರಲ್ಲಿ ಪೇಟೆಂಟ್ ಪಡೆದರು. ಕೆನಡಾದ ವಿನಿಪೆಗ್, ಎಡ್ಮಂಟನ್‌ಗಳಂಥ ಊರುಗಳಲ್ಲಿ ಕಾರಿನ ಮೂತಿಯಿಂದ ಕರೆಂಟಿನ ಪ್ಲಗ್ ನೇತಾಡುವುದನ್ನು ಕಂಡು ನಮ್ಮವರು, ಇದೇನು ಎಲೆಕ್ಟ್ರಿಕ್ ಕಾರೇ ಎಂದು ಬೆರಗಾಗುವುದುಂಟು. ಅದು ರಾತ್ರಿಯೆಲ್ಲ ಎಂಜಿನ್ನನ್ನು ಬೆಚ್ಚಗಿಡುವ ತಂತಿ, ಅಷ್ಟೇ.

ಈ ಕಥೆಯ ಚಿಕ್ಕದೊಂದು ಎಳೆ ಕರ್ನಾಟಕದಲ್ಲೂ ಇದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಡಿಸೆಂಬರಿನ ಮುಂಜಾವು ಎಂದರೆ ಚೋಕ್ ನೆನಪು. ಗುಬುಟು ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿಯಾಗುತ್ತಿತ್ತು; ಗಾಡಿ ಗುರುಗುಟ್ಟಿ ಎದ್ದ ಮೇಲೆ ನಿಧಾನಕ್ಕೆ ಒಳತಳ್ಳಬೇಕಿತ್ತು. ಮರೆತರೆ ಕಪ್ಪು ಹೊಗೆ, ಒದ್ದೆ ಪ್ಲಗ್. ಆ ಪ್ಲಗ್ ಬಹುಪಾಲು ಮೈಕೋದ್ದೇ ಆಗಿರುತ್ತಿತ್ತು. ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ 2008ರಲ್ಲಿ ತನ್ನ ಹೆಸರನ್ನೇ ಬಾಷ್ ಎಂದು ಬದಲಿಸಿಕೊಂಡಿತು. ಚೋಕ್ ಈಗ ಕಣ್ಮರೆಯಾಗಿದೆ. ಕೂಲಂಟಿನ ಬಿಸಿ ಅಳೆಯುವ ಸೆನ್ಸರ್ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ, ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ಅದು ತೀರ್ಮಾನಿಸುತ್ತದೆ. ಗುಬುಟು ಎಳೆಯುತ್ತಿದ್ದ ಕೈಯ ಕೆಲಸವನ್ನೇ ಅದು ಮಾಡುತ್ತಿರುವುದು.

ಎದ್ದ ಗಾಡಿ ಮುಂದಕ್ಕೆ ಹೋಗಲು ರಸ್ತೆಯ ಮೇಲೆ ಹಿಡಿತ ಬೇಕು. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್, ಜನ ಚಕ್ರಕ್ಕೆ ಹಗ್ಗ, ಬಳ್ಳಿ ಸುತ್ತಿಕೊಂಡು ಹೋಗುವುದನ್ನು ಗಮನಿಸಿ ಸರಪಳಿ ರೂಪಿಸಿದರು. 1904ರಲ್ಲಿ ಪೇಟೆಂಟ್ ಬಂತು. ಫಿನ್‌ಲೆಂಡಿನ ನೋಕಿಯಾ ಊರಿನ ರಬ್ಬರ್ ಕಾರ್ಖಾನೆ 1934ರಲ್ಲಿ ಲಾರಿಗಳಿಗೆಂದೇ ಹಿಮದ ಟೈರ್ ಮಾಡಿತು, 1936ರಲ್ಲಿ ಕಾರುಗಳಿಗೆ ಹಕ್ಕಪೆಲಿಟ್ಟಾ ಎಂಬ ಟೈರ್ ತಂದಿತು. ಚಳಿಗಾಲದ ಟೈರಿನ ಮರ್ಮ ಅದರ ಮೈಮೇಲಿನ ಗೀರುಗಳಲ್ಲಷ್ಟೇ ಅಲ್ಲ, ರಬ್ಬರಿನ ಪಾಕದಲ್ಲೂ ಇದೆ. ಸಾಮಾನ್ಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗಿ ರಸ್ತೆಗೆ ಅಂಟದಾಗುತ್ತದೆ. ಹಿಮದ ಟೈರಿನದು ಮೆತ್ತಗೆ ಉಳಿಯುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಕೊಡುವ ಕಾರು ಹಿಮದಲ್ಲಿ ಠೀವಿಯಿಂದ ಹೊರಡಬಹುದು. ನಿಲ್ಲುವಾಗ ಮಾತ್ರ ಟೈರ್ ಬಿಟ್ಟರೆ ಬೇರೆ ದಿಕ್ಕಿಲ್ಲ.

ಮಂಜುಗಡ್ಡೆಯ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಉರುಳದ ಚಕ್ರವನ್ನು ಸ್ಟೀರಿಂಗ್ ಎತ್ತ ತಿರುಗಿಸಿದರೂ ಕಾರು ನೆಟ್ಟಗೆ ಜಾರುತ್ತದೆ. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುವುದು ಹಳೇ ಚಾಲಕರ ಕೈಚಳಕವಾಗಿತ್ತು. ಅದನ್ನು ಯಂತ್ರಕ್ಕೆ ಕಲಿಸುವ ಯತ್ನ ವಿಮಾನಗಳಲ್ಲಿ ಮೊದಲು ಫಲಿಸಿತು. 1966ರಲ್ಲಿ ಬ್ರಿಟನ್ನಿನ ಜೆನ್ಸನ್ ಎಫ್‌ಎಫ್ ಕಾರಿಗೂ ಬಂತು. ಎಬಿಎಸ್ ಎಂದು ಹೆಸರಾದ ಇದರ ಇಂದಿನ ಬಗೆಯ ಎಲೆಕ್ಟ್ರಾನಿಕ್ ರೂಪ ಮಾರುಕಟ್ಟೆಗೆ ಬಂದದ್ದು 1978ರಲ್ಲಿ, ಬಾಷ್ ತಯಾರಿಸಿ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಕೂರಿಸಿದಾಗ. ಅದಕ್ಕೂ ಮುಂಚಿನ ಪ್ರಯೋಗಗಳಲ್ಲಿ, ಸುಮಾರು ಸಾವಿರ ಬಿಡಿಭಾಗಗಳಿದ್ದ ಮೊದಲ ನಿಯಂತ್ರಕ ಪೆಟ್ಟಿಗೆ ಪದೇ ಪದೇ ಕೆಡುತ್ತಿತ್ತು. ಮೈಕ್ರೋಚಿಪ್ ಬಂದು ಆ ಸಂಖ್ಯೆ 140ಕ್ಕೆ ಇಳಿದ ಮೇಲಷ್ಟೇ ಅದನ್ನು ನಂಬುವಂತಾಯಿತು.

ಇಂಥ ಸಲಕರಣೆಗಳನ್ನು ಹಿಮದಲ್ಲಿ ಪರೀಕ್ಷಿಸುವವರ ಕಾಶಿ ಎಂದರೆ ಆರ್ಕ್ಟಿಕ್ ವೃತ್ತಕ್ಕೆ ತುಸು ಕೆಳಗಿರುವ ಸ್ವೀಡನ್ನಿನ ಆರ್ಯೆಪ್ಲೋಗ್. ಮೂರು ಸಾವಿರ ಜನರೂ ಇಲ್ಲದ, ಸಾವಿರಾರು ಕೆರೆಗಳ ಸೀಮೆ. 1970ರ ದಶಕದಲ್ಲಿ ಜರ್ಮನ್ ಎಂಜಿನಿಯರುಗಳು ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕಾರು ಓಡಿಸಲು ಬರತೊಡಗಿದರು. ಊರಿನವರು ಹಿಮ ಗುಡಿಸಿ ದಾರಿ ಮಾಡಿಕೊಟ್ಟರು. ಇಂದು ಚಳಿಗಾಲದಲ್ಲಿ ಆ ಊರು ನೆಂಟರಿಂದ ತುಂಬಿದ ಜಾತ್ರೆಯಂತಾಗುತ್ತದೆ. ಬಂದವರೆಲ್ಲ ಕಾರು ಕಂಪನಿಗಳವರು.

1989ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಹಿಮದಲ್ಲೇ ಮರ್ಸಿಡಿಸ್‌ನ ಎಂಜಿನಿಯರ್ ಫ್ರಾಂಕ್ ವೆರ್ನರ್-ಮೋನ್ ಕಾರು ಜಾರಿ ರಸ್ತೆಬದಿಯ ಹಳ್ಳಕ್ಕೆ ಇಳಿಯಿತು. ಎಳೆಯುವ ಗಾಡಿಗಾಗಿ ಕಾಯುತ್ತ ಕುಳಿತಾಗ ಅವರಿಗೆ ಒಂದು ಯೋಚನೆ ಹೊಳೆಯಿತು: ಕಾರು ಎತ್ತ ತಿರುಗುತ್ತಿದೆ ಎಂದು ಅಳೆಯುವ ಗೈರೋಸ್ಕೋಪ್ ಒಂದಿದ್ದು, ಅದು ಎಬಿಎಸ್‌ನೊಂದಿಗೆ ಮಾತಾಡುವಂತಿದ್ದರೆ? ಮೊದಲ ಪ್ರಯೋಗಕ್ಕೆ ಗೈರೋಸ್ಕೋಪ್ ಸಿಕ್ಕಿದ್ದು ಆಟಿಕೆ ಹೆಲಿಕಾಪ್ಟರಿನಿಂದ. 1995ರಲ್ಲಿ ಆ ಯೋಚನೆ ಇಎಸ್‌ಪಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಚಾಲಕ ಎತ್ತ ಸ್ಟೀರಿಂಗ್ ತಿರುಗಿಸಿದ್ದಾನೆ, ಕಾರು ಎತ್ತ ಹೋಗುತ್ತಿದೆ ಎಂದು ತಾಳೆ ನೋಡಿ, ತಪ್ಪಿದ್ದರೆ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕಿ ಅದು ಮೂತಿಯನ್ನು ದಾರಿಗೆ ತರುತ್ತದೆ.

ದುಬಾರಿ ಕಾರುಗಳ ಸೊತ್ತಾಗಿದ್ದ ಅದನ್ನು ಬಡಾವಣೆಯ ಬೀದಿಗೆ ಇಳಿಸಿದ್ದು ಒಂದು ಅವಮಾನ. 1997ರ ಅಕ್ಟೋಬರ್ 21ರಂದು ಸ್ವೀಡನ್ನಿನ ವಾಹನ ಪತ್ರಿಕೆ ‘ಟೆಕ್ನಿಕೆನ್ಸ್ ವೇರ್ಲ್ಡ್’, ಅಡ್ಡಬಂದ ಕಡವೆಯನ್ನು ತಪ್ಪಿಸುವಂತೆ ಕಾರನ್ನು ಥಟ್ಟನೆ ಹೊರಳಿಸುವ ಪರೀಕ್ಷೆ ನಡೆಸಿತು. ಆ ದೇಶದಲ್ಲಿ ಮೂಸ್ ಎಂಬ ಭಾರಿ ಗಾತ್ರದ ಕಡವೆ ರಸ್ತೆಗೆ ನುಗ್ಗುವುದು ಮಾಮೂಲು. ಹೊಚ್ಚಹೊಸ ಮರ್ಸಿಡಿಸ್ ಎ-ಕ್ಲಾಸ್ ಮಗುಚಿಬಿತ್ತು. ಕಂಪನಿ ಮಾರಾಟವನ್ನೇ ಕೆಲ ತಿಂಗಳು ನಿಲ್ಲಿಸಿ, ಆ ಸಣ್ಣ ಕಾರಿನ ಪ್ರತಿಯೊಂದಕ್ಕೂ ಇಎಸ್‌ಪಿ ಅಳವಡಿಸಿತು. ಮುಂದೆ ಅಮೆರಿಕ, ಯುರೋಪುಗಳಲ್ಲಿ ಅದು ಕಡ್ಡಾಯವೂ ಆಯಿತು.

ಸಲಕರಣೆ ಹೆಚ್ಚಿದಂತೆ ಕಾಯಿಲೆಗಳೂ ಗುಟ್ಟಾದವು. ಕಿವಿಗೊಟ್ಟು ಸದ್ದಿನಲ್ಲೇ ದೋಷ ಹಿಡಿಯುತ್ತಿದ್ದ ಮೇಸ್ತ್ರಿಯ ಕೈಗೆ ಸ್ಕ್ಯಾನರ್ ಬಂತು. ವಿಚಿತ್ರವೆಂದರೆ, ಈ ಒಂದಕ್ಕೆ ಮಾತ್ರ ಹಿಮ ಕಾರಣವಲ್ಲ. ಬಿಸಿಲೂರು ಲಾಸ್ ಏಂಜಲೀಸ್‌ನ ಕಣ್ಣುರಿಸುವ ಹೊಗೆಮಂಜಿಗೆ ಕಾರಿನ ಹೊಗೆ ಕಾರಣ ಎಂದು 1950ರ ದಶಕದಲ್ಲಿ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ತೋರಿಸಿದರು. ಹೊಗೆ ಕೆಟ್ಟರೆ ಗಾಡಿಯೇ ದೀಪ ಹಚ್ಚಿ ಹೇಳಬೇಕು ಎಂಬ ನಿಯಮವನ್ನು ಕ್ಯಾಲಿಫೋರ್ನಿಯಾ ತಂದಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ 16 ಪಿನ್ನಿನ ಸಾಕೆಟ್ಟು, ಒಂದೇ ಸಂಕೇತ ಭಾಷೆ ಬಂದವು. ಒಬಿಡಿ ಎಂದು ನಮ್ಮ ಮೆಕ್ಯಾನಿಕ್‌ಗಳು ಕರೆಯುವುದು ಇದನ್ನೇ. ಅಲ್ಲೂ ಕೊನೆಗೆ ಚಳಿ ನುಸುಳಿತು: ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾಯದೆ ಕೆಲಸ ಶುರು ಮಾಡದು, ಹಾಗಾಗಿ ತಣ್ಣನೆಯ ಎಂಜಿನ್ನಿನ ಮೊದಲ ಕೆಲ ನಿಮಿಷಗಳೇ ಹೆಚ್ಚು ಕೊಳಕು.

ಟೊರಾಂಟೊ, ಡೆಟ್ರಾಯ್ಟ್‌ಗಳ ಕನ್ನಡಿಗರಿಗೆ ನವೆಂಬರಿನಲ್ಲಿ ಈ ದೀಪಗಳ ಪರಿಚಯ ಚೆನ್ನಾಗಿಯೇ ಆಗುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಇಳಿದರೆ ಟೈರಿನ ಗಾಳಿ ಒಂದೂವರೆ, ಎರಡು ಪಿಎಸ್‌ಐ ಕುಗ್ಗುತ್ತದೆ. ಪಂಕ್ಚರ್ ಇಲ್ಲದೆಯೇ ಟೈರಿನ ದೀಪ ಹತ್ತುತ್ತದೆ. ಪಿ0128 ಎಂಬ ಸಂಕೇತ ಬಂದರೆ ಎಂಜಿನ್ ಬೇಕಾದಷ್ಟು ಕಾಯುತ್ತಿಲ್ಲ ಎಂದರ್ಥ. ಬಹುಮಟ್ಟಿಗೆ ತೆರೆದೇ ನಿಂತ ಥರ್ಮೋಸ್ಟಾಟ್ ಇದಕ್ಕೆ ಕಾರಣ, ಕೆಲವೊಮ್ಮೆ ಕಡಿಮೆಯಾದ ಕೂಲಂಟ್. ಎಬಿಎಸ್, ಇಎಸ್‌ಪಿ ದೀಪಗಳೆರಡೂ ಒಟ್ಟಿಗೆ ಹತ್ತಿದರೆ ಎರಡು ರೋಗ ಎಂದು ಗಾಬರಿಯಾಗಬೇಕಿಲ್ಲ. 1986ರಲ್ಲಿ ಬಾಷ್ ಪರಿಚಯಿಸಿದ ಕ್ಯಾನ್ ಎಂಬ ತಂತಿಜಾಲದಲ್ಲಿ ಎಲ್ಲ ಪೆಟ್ಟಿಗೆಗಳೂ ಸುದ್ದಿ ಹಂಚಿಕೊಳ್ಳುತ್ತವೆ. ಚಕ್ರದ ಬಳಿಯ ಒಂದೇ ಸೆನ್ಸರಿಗೆ ಹಿಮ ಮೆತ್ತಿಕೊಂಡರೂ ಇಬ್ಬರೂ ಕೈಯೆತ್ತುತ್ತಾರೆ. ಸಂಕೇತ ಲಕ್ಷಣವನ್ನು ಹೇಳುತ್ತದೆ, ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಸೆನ್ಸರ್ ಬದಲಿಸುವ ಮುನ್ನ ಅದನ್ನು ಒರೆಸಿ ನೋಡುವವನೇ ಒಳ್ಳೇ ಮೆಕ್ಯಾನಿಕ್.

ಆಗುಂಬೆ, ಚಾರ್ಮಾಡಿಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಮೊದಲ ಮಳೆಗೆ ಎಣ್ಣೆ, ದೂಳು ಕಲಸಿದ ತಿರುವು ಮಂಜುಗಡ್ಡೆಗೆ ಹೆಚ್ಚು ದೂರದ ನೆಂಟನಲ್ಲ. ಅಂಥಲ್ಲಿ ಬ್ರೇಕ್ ಬಲವಾಗಿ ಒತ್ತಿದಾಗ ಪೆಡಲ್ ಕಾಲಡಿ ದಡದಡ ನಡುಗಿದರೆ ಹೆದರಿ ಕಾಲು ತೆಗೆಯಬೇಡಿ. ಎಬಿಎಸ್ ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. ಒತ್ತಿದ ಕಾಲು ಒತ್ತಿದಂತೆಯೇ ಇರಲಿ, ಸ್ಟೀರಿಂಗ್ ದಾರಿಯ ಕಡೆ ತಿರುಗಲಿ.