ಭತ್ತದ ಪೈರಿನಲ್ಲಿ ಕ್ಯಾಡ್ಮಿಯಂ ವಿಷತ್ವ

ಕ್ಯಾಡ್ಮಿಯಂ ಎಂದರೇನು?

ಕ್ಯಾಡ್ಮಿಯಂ ಒಂದು ಭಾರಲೋಹ. ಇದರ ಪರಮಾಣು ಸಂಖ್ಯೆ 48. ಪ್ರಕೃತಿಯಲ್ಲಿ ಇದು ಹೆಚ್ಚಾಗಿ ಸತುವಿನ ಅದಿರಿನೊಡನೆ ದೊರೆಯುತ್ತದೆ. ಗಣಿತ್ಯಾಜ್ಯ, ಕಾರ್ಖಾನೆಗಳ ಕೊಳಚೆ ನೀರು ಮತ್ತು ಕೆಲವು ರಂಜಕ ಗೊಬ್ಬರಗಳ ಮೂಲಕ ಕೃಷಿಭೂಮಿಯನ್ನು ಸೇರುತ್ತದೆ. ಸತು, ತಾಮ್ರಗಳು ಅಲ್ಪ ಪ್ರಮಾಣದಲ್ಲಿ ಸಸ್ಯಕ್ಕೆ ಅಗತ್ಯ. ಕ್ಯಾಡ್ಮಿಯಂನಿಂದ ಬೆಳೆಗಳಿಗೆ ಯಾವ ಪ್ರಯೋಜನವೂ ಇಲ್ಲ.

ಬೇರಿನ ಮೇಲಿನ ಪರಿಣಾಮ

ಖನಿಜಗಳನ್ನು ಒಳಗೆ ಸಾಗಿಸುವ ಪ್ರೋಟೀನುಗಳು ಬೇರಿನ ಕೋಶಪೊರೆಯಲ್ಲಿವೆ. ಭತ್ತದಲ್ಲಿ ಮ್ಯಾಂಗನೀಸನ್ನು ಹೀರುವ ಎನ್‌ರಾಂಪ್-5 ಎಂಬ ಪ್ರೋಟೀನೇ ಕ್ಯಾಡ್ಮಿಯಂಗೂ ಮುಖ್ಯ ದಾರಿ. ಒಳಬಂದ ಲೋಹವು ಬೇರುತುದಿಯ ಕೋಶವಿಭಜನೆಯನ್ನು ಕುಗ್ಗಿಸುತ್ತದೆ. ಬೇರು ಗಿಡ್ಡವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ನೀರು ಮತ್ತು ಪೋಷಕಾಂಶಗಳ ಪೂರೈಕೆ ತಗ್ಗುತ್ತದೆ.

ದ್ಯುತಿಸಂಶ್ಲೇಷಣೆಗೆ ಆಗುವ ಹಾನಿ

ಪತ್ರಹರಿತ್ತನ್ನು ತಯಾರಿಸುವ ಕಿಣ್ವಗಳಿಗೆ ಕ್ಯಾಡ್ಮಿಯಂ ಅಡ್ಡಿಯಾಗುವುದರಿಂದ ಎಳೆಯ ಎಲೆಗಳು ಹಳದಿಯಾಗುತ್ತವೆ. ನೀರಿನ ಅಣುವನ್ನು ವಿಭಜಿಸುವ ದ್ಯುತಿವ್ಯವಸ್ಥೆ-2ರಲ್ಲಿ ಅದು ಕ್ಯಾಲ್ಸಿಯಂನ ಸ್ಥಾನವನ್ನು ಆಕ್ರಮಿಸಬಲ್ಲದು; ಆಗ ಎಲೆಕ್ಟ್ರಾನುಗಳ ಹರಿವು ಕುಂದುತ್ತದೆ. ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ರುಬಿಸ್ಕೊ ಕಿಣ್ವ ದುರ್ಬಲವಾಗುತ್ತದೆ, ಪತ್ರರಂಧ್ರಗಳೂ ಮುಚ್ಚಿಕೊಳ್ಳುತ್ತವೆ. ಬಳಕೆಯಾಗದೆ ಉಳಿದ ಬೆಳಕಿನ ಶಕ್ತಿಯಿಂದ ಹುಟ್ಟುವ ಕ್ರಿಯಾಶೀಲ ಆಮ್ಲಜನಕವು ಹರಿದ್ರೇಣುವಿನ ಪೊರೆಗಳನ್ನು ಕೆಡಿಸುತ್ತದೆ. ಇದರಿಂದ ತೆಂಡೆ, ತೆನೆ, ಇಳುವರಿ ಮೂರೂ ಕಡಿಮೆಯಾಗುತ್ತವೆ.

ಸಸ್ಯದ ಸ್ವರಕ್ಷಣೆ

ಸಸ್ಯವು ಫೈಟೊಕೆಲಾಟಿನ್ ಎಂಬ ಅಣುಗಳಿಂದ ಲೋಹವನ್ನು ಬಂಧಿಸಿ, ಜೀವಕೋಶದ ರಸದಾನಿಯಲ್ಲಿ ಕೂಡಿಡುತ್ತದೆ. ಈ ರಕ್ಷಣೆಗೂ ಮಿತಿಯಿದೆ. ಒಂದಿಷ್ಟು ಲೋಹ ಕಾಳನ್ನು ತಲುಪುತ್ತದೆ. ಹಚ್ಚಗೆ ಕಾಣುವ ಪೈರಿನ ಅಕ್ಕಿಯೂ ಆದ್ದರಿಂದ ವಿಷಯುಕ್ತವಾಗಿರಬಹುದು.

ಜಿನ್‌ಜು ಕಣಿವೆಯ ಅನುಭವ

ಜಪಾನಿನ ಕಮಿಯೊಕಾ ಗಣಿಯ ತ್ಯಾಜ್ಯವು ಜಿನ್‌ಜು ನದಿಯ ಮೂಲಕ ತೊಯಾಮಾ ಪ್ರಾಂತ್ಯದ ಗದ್ದೆಗಳನ್ನು ಸೇರಿತು. ಅಲ್ಲಿನ ಅಕ್ಕಿ ಮತ್ತು ನೀರನ್ನು ಬಳಸಿದವರಲ್ಲಿ ಮೂತ್ರಪಿಂಡ ಹಾಗೂ ಮೂಳೆಗಳನ್ನು ಹಾಳುಗೆಡಹುವ ಇಟಾಯ್-ಇಟಾಯ್ ರೋಗ ಕಾಣಿಸಿತು. ಕ್ಯಾಡ್ಮಿಯಂ ಇದರ ಕಾರಣವೆಂದು ಜಪಾನ್ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಗದ್ದೆಗಳ ಮಣ್ಣನ್ನು ಸರಿಪಡಿಸಲು ದಶಕಗಳೇ ಬೇಕಾದವು.

ನಿಯಂತ್ರಣ ಕ್ರಮಗಳು

ಆಮ್ಲೀಯ ಮಣ್ಣಿಗೆ ಸುಣ್ಣ ಹಾಕಿದರೆ ಕ್ಯಾಡ್ಮಿಯಂ ಬೇರಿಗೆ ದಕ್ಕುವುದು ಕಡಿಮೆಯಾಗುತ್ತದೆ. ತೆನೆ ಹೊರಡುವ ಹೊತ್ತಿಗೆ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಕ್ಯಾಡ್ಮಿಯಂ ಕರಗದ ಸಲ್ಫೈಡ್ ಆಗುತ್ತದೆ. ಆದರೆ ನಿಂತ ನೀರಿನಲ್ಲಿ ಆರ್ಸೆನಿಕ್ ಹೆಚ್ಚು ಕರಗುವುದರಿಂದ ಎರಡೂ ಧಾತುಗಳಿರುವ ಮಣ್ಣಿನಲ್ಲಿ ಎಚ್ಚರ ಬೇಕು. ಎನ್‌ರಾಂಪ್-5 ವಂಶವಾಹಿ ಕೆಲಸ ಮಾಡದ ಭತ್ತದ ತಳಿಗಳನ್ನು ಜಪಾನಿನ ವಿಜ್ಞಾನಿಗಳು ರೂಪಿಸಿದ್ದಾರೆ. ಪಾಲಿಶ್ ಮಾಡಿದ ಅಕ್ಕಿಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡವು ಕಿಲೋಗೆ 0.4 ಮಿಲಿಗ್ರಾಂ ಮಿತಿಯನ್ನು ವಿಧಿಸಿದೆ. ಈ ಮಿತಿ ಮೀರಿದೆಯೇ ಎಂಬುದನ್ನು ಎಲೆಯ ಬಣ್ಣ ಹೇಳಲಾರದು. ಮಣ್ಣು, ನೀರು ಮತ್ತು ಕಾಳಿನ ಪರೀಕ್ಷೆಯಿಂದಲೇ ತಿಳಿಯಬೇಕು.