ಗೊತ್ತಿದ್ದೂ ತಪ್ಪು ಹೇಳಿದವನು

ಟಿ.ವಿ. ಕ್ವಿಜ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2000ದ ಜುಲೈಯಲ್ಲಿ ಆರಂಭವಾದ ‘ಕೌನ್ ಬನೇಗಾ ಕರೋಡ್‌ಪತಿ’. ಉತ್ತರ ಗೊತ್ತಿಲ್ಲದೆ ತಡವರಿಸುವವರನ್ನು ಕಂಡು ಮನೆಮಂದಿಯೆಲ್ಲ ‘ಅಯ್ಯೋ, ಇಷ್ಟೂ ಗೊತ್ತಿಲ್ಲವೇ’ ಎಂದು ಮರುಗಿದ್ದೇವೆ, ಕೆಲವೊಮ್ಮೆ ನಕ್ಕಿದ್ದೇವೆ. ಆದರೆ ನಾಲಿಗೆಯ ತುದಿಯಲ್ಲಿದ್ದ ಉತ್ತರವನ್ನು ನುಂಗಿಕೊಂಡು, ಕೋಟ್ಯಂತರ ಜನರ ಮುಂದೆ ಬೇಕೆಂದೇ ತಪ್ಪು ಹೇಳಿದವನೊಬ್ಬನಿದ್ದ. 1956ರ ಡಿಸೆಂಬರ್ 5ರಂದು ಅಮೆರಿಕದಲ್ಲಿ ನಡೆದ ಆ ಪಂದ್ಯದ ಕಥೆ ಇಂದಿಗೂ ಹಳೆಯದಾಗಿಲ್ಲ.

ಎನ್‌ಬಿಸಿ ವಾಹಿನಿಯ ಆ ಕಾರ್ಯಕ್ರಮದ ಹೆಸರು ‘ಟ್ವೆಂಟಿ ಒನ್’. ಇಬ್ಬರು ಸ್ಪರ್ಧಿಗಳು ಎರಡು ಗಾಜಿನ ಕೋಣೆಗಳಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಲ್ಲಬೇಕು. ಒಬ್ಬನ ಉತ್ತರ ಇನ್ನೊಬ್ಬನಿಗೆ ಕೇಳುವಂತಿಲ್ಲ. ಪ್ರಶ್ನೆಯ ವಿಷಯ ತಿಳಿದ ಮೇಲೆ ಸ್ಪರ್ಧಿ 1ರಿಂದ 11ರವರೆಗೆ ತನಗೆ ಬೇಕಾದ ಅಂಕವನ್ನು ಆರಿಸಿಕೊಳ್ಳುತ್ತಿದ್ದ. ಅಂಕ ಹೆಚ್ಚಿದಂತೆ ಪ್ರಶ್ನೆಯೂ ಕಠಿಣ. ಮೊದಲು 21 ಅಂಕ ಮುಟ್ಟುವುದೇ ಗುರಿ. ಗೆದ್ದವನಿಗೆ ಅಂತರದ ಪ್ರತಿ ಅಂಕಕ್ಕೆ 500 ಡಾಲರ್. ಪಂದ್ಯ ಸಮವಾದರೆ ಆ ದರ ಮತ್ತೆ 500 ಡಾಲರ್ ಏರುತ್ತಿತ್ತು.

1956ರ ಸೆಪ್ಟೆಂಬರ್ 12ರ ಮೊದಲ ಪ್ರಸಾರ ಪ್ರಾಮಾಣಿಕವಾಗಿಯೇ ನಡೆಯಿತು. ಸ್ಪರ್ಧಿಗಳಿಗೆ ಉತ್ತರಗಳೇ ಗೊತ್ತಾಗಲಿಲ್ಲ, ಆಟ ನೀರಸವಾಯಿತು. ಪ್ರಾಯೋಜಕರಾದ ‘ಜೆರಿಟಾಲ್’ ಟಾನಿಕ್ ಕಂಪನಿಯವರು ಕೆಂಡವಾದರು. ಅಂದಿನಿಂದ ನಿರ್ಮಾಪಕ ಡ್ಯಾನ್ ಎನ್‌ರೈಟ್ ಕ್ವಿಜ್ ಅನ್ನು ನಾಟಕದಂತೆ ಬರೆಯತೊಡಗಿದ. ಯಾರು ಗೆಲ್ಲಬೇಕು, ಯಾರು ಎಲ್ಲಿ ಉಸಿರು ಬಿಗಿಹಿಡಿಯಬೇಕು ಎಂಬುದೆಲ್ಲ ಮೊದಲೇ ನಿಗದಿ.

ಆ ನಾಟಕದ ಮೊದಲ ನಾಯಕ ಹರ್ಬರ್ಟ್ ಸ್ಟೆಂಪೆಲ್. ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಯಹೂದಿ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವ. ಸೇನೆಯಲ್ಲಿ ದುಡಿದು ಬಂದು ಸಿಟಿ ಕಾಲೇಜಿನಲ್ಲಿ ಓದುತ್ತಿದ್ದ. ಅವನ ನೆನಪಿನ ಶಕ್ತಿ ಅಸಾಧಾರಣ. ಆದರೆ ಎನ್‌ರೈಟ್‌ಗೆ ಬೇಕಾಗಿದ್ದುದು ಬುದ್ಧಿವಂತನ ವೇಷ ಹಾಕಿದ ಬಡವ. ಮೈಗೆ ಹೊಂದದ ಹಳೆಯ ಸೂಟು, ಸವೆದ ಕಾಲರಿನ ಅಂಗಿ, ಸೈನಿಕನಂತೆ ಕತ್ತರಿಸಿದ ಕೂದಲು, ಟಿಕ್ ಟಿಕ್ ಸದ್ದು ಮಾಡುವ ಅಗ್ಗದ ಗಡಿಯಾರ ಇವೆಲ್ಲ ಅವನಿಗೆ ವಿಧಿಸಿದ ವೇಷಭೂಷಣ. ಬೆವರನ್ನು ಒರೆಸಬಾರದು, ಕರವಸ್ತ್ರದಿಂದ ಮೆಲ್ಲಗೆ ಒತ್ತಿಕೊಳ್ಳಬೇಕು. ಇತರರು ನಿರೂಪಕನನ್ನು ‘ಜ್ಯಾಕ್’ ಎಂದು ಕರೆದರೂ ಇವನು ‘ಮಿಸ್ಟರ್ ಬ್ಯಾರಿ’ ಎನ್ನಬೇಕು. ಸ್ಟೆಂಪೆಲ್ ಒಪ್ಪಿದ. ಅವನನ್ನು ನಿರಪರಾಧಿ ಎಂದು ನಾವು ಹೇಳುತ್ತಿಲ್ಲ. ಉತ್ತರಗಳನ್ನು ಮೊದಲೇ ಪಡೆದು ವಾರವಾರವೂ ಗೆಲ್ಲುತ್ತಿದ್ದವನು ಅವನೂ ಹೌದು.

ಕೆಲವೇ ವಾರಗಳಲ್ಲಿ ಪ್ರೇಕ್ಷಕರಿಗೆ ಅವನು ಹಳಸಿದ. ಹೊಸ ನಾಯಕನಾಗಿ ಬಂದವನು ಚಾರ್ಲ್ಸ್ ವ್ಯಾನ್ ಡೋರೆನ್. ಕೊಲಂಬಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ, ಎತ್ತರದ ನಿಲುವು, ಸೌಮ್ಯ ಮುಖ. ತಂದೆ ಮಾರ್ಕ್, ದೊಡ್ಡಪ್ಪ ಕಾರ್ಲ್ ಇಬ್ಬರೂ ಪುಲಿಟ್ಜರ್ ಪ್ರಶಸ್ತಿ ಪಡೆದ ಸಾಹಿತಿಗಳು. ಇಂಥವನು ಗೆದ್ದರೆ ದೇಶದಲ್ಲಿ ವಿದ್ಯೆಗೆ, ಅಧ್ಯಾಪಕರಿಗೆ ಗೌರವ ಹೆಚ್ಚುತ್ತದೆ ಎಂದು ಅವನನ್ನು ಒಪ್ಪಿಸಲಾಯಿತು. ನವೆಂಬರ್ 28ರಂದು ಇಬ್ಬರೂ ಎದುರಾದರು. ಪಂದ್ಯ ಸಮವಾಗುತ್ತಲೇ ಹೋಯಿತು. ಆ ಸಮಬಲವೂ ಬರೆದಿಟ್ಟದ್ದೇ!

ಡಿಸೆಂಬರ್ 5ರಂದು ಸ್ಟೆಂಪೆಲ್ ಸೋಲಬೇಕೆಂದು ಆದೇಶವಾಯಿತು. ಅವನಿಗೆ ಬಂದ ಪ್ರಶ್ನೆ ಇದು: 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಪಡೆದ ಸಿನಿಮಾ ಯಾವುದು? ಉತ್ತರ ‘ಮಾರ್ಟಿ’. ಬ್ರಾಂಕ್ಸ್‌ನ ಕಟುಕನೊಬ್ಬನ ಒಂಟಿತನದ ಕಥೆ. ಸ್ಟೆಂಪೆಲ್ ಹುಟ್ಟಿದ ಕೇರಿಯ ಕಥೆ. ಅದನ್ನು ಮೂರು ಸಲ ನೋಡಿದ್ದೆ ಎಂದು ಅವನೇ ಮುಂದೆ ಹೇಳಿದ. ನಿಜವಾದ ಪಂದ್ಯ ಆಡಲು ಬಿಡಿ ಎಂದು ಬೇಡಿಕೊಂಡರೂ ಎನ್‌ರೈಟ್ ಒಪ್ಪಲಿಲ್ಲ. ಗಾಜಿನ ಕೋಣೆಯಲ್ಲಿ ನಿಂತು ಅವನು ಹೇಳಿದ ಹೆಸರು ಹಿಂದಿನ ವರ್ಷದ ವಿಜೇತ ಚಿತ್ರ ‘ಆನ್ ದಿ ವಾಟರ್‌ಫ್ರಂಟ್’. ಅಂದು ಇನ್ನೂ ಕೆಲವು ಪ್ರಶ್ನೆಗಳಿದ್ದವು. ಆದರೆ ಇತಿಹಾಸ ನೆನಪಿಟ್ಟಿರುವುದು ಇದೊಂದನ್ನೇ.

ಸ್ಟೆಂಪೆಲ್ 49,500 ಡಾಲರ್‌ನೊಂದಿಗೆ ಮನೆಗೆ ಹೋದ. ವ್ಯಾನ್ ಡೋರೆನ್ 1957ರ ಮಾರ್ಚ್ ತನಕ ಆಡಿ 1,29,000 ಡಾಲರ್ ಗೆದ್ದ. ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಮಿಂಚಿದ, ಎನ್‌ಬಿಸಿಯಲ್ಲೇ ನೌಕರಿಯನ್ನೂ ಪಡೆದ. ಸ್ಟೆಂಪೆಲ್‌ಗೆ ಎನ್‌ರೈಟ್ ಭರವಸೆ ಕೊಟ್ಟಿದ್ದ ಟಿ.ವಿ. ಕೆಲಸ ಮಾತ್ರ ಸಿಗಲೇ ಇಲ್ಲ. 1957ರಲ್ಲೇ ಅವನು ಪತ್ರಕರ್ತರ ಬಳಿ ಹೋಗಿ ಎಲ್ಲವನ್ನೂ ಹೇಳಿದ. ಸಾಕ್ಷಿಯಿಲ್ಲದೆ ಪ್ರಕಟಿಸಿದರೆ ಮಾನನಷ್ಟ ಮೊಕದ್ದಮೆ ಬೀಳುತ್ತದೆಂದು ಪತ್ರಿಕೆಗಳು ಹಿಂಜರಿದವು. 1958ರಲ್ಲಿ ವಿಷಯ ಹೊರಬಿದ್ದಾಗ ನಿರ್ಮಾಪಕರು ಅವನನ್ನು ಹೊಟ್ಟೆಕಿಚ್ಚಿನವನೆಂದೂ ಮಾನಸಿಕ ಅಸ್ವಸ್ಥನೆಂದೂ ಬಿಂಬಿಸಿದರು.

ಹಾಗಾದರೆ ಜನ ನಂಬಿದ್ದು ಯಾವಾಗ? ಜೇಮ್ಸ್ ಸ್ನಾಡ್‌ಗ್ರಾಸ್ ಎಂಬ ಇನ್ನೊಬ್ಬ ಸ್ಪರ್ಧಿ, ಕಲಾವಿದ, ತನಗೆ ಮೊದಲೇ ಕೊಟ್ಟಿದ್ದ ಪ್ರಶ್ನೋತ್ತರಗಳನ್ನು ಬರೆದು ತನ್ನ ವಿಳಾಸಕ್ಕೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಂಡಿದ್ದ. ಪ್ರಸಾರಕ್ಕೆ ಮುಂಚಿನ ಮೊಹರಿದ್ದ ಆ ಲಕೋಟೆ 1959ರಲ್ಲಿ ಸಂಸದೀಯ ಸಮಿತಿಯ ಎದುರು ತೆರೆಯಿತು. ಬಡ ಮನುಷ್ಯನ ಬಾಯಿಮಾತಿಗೆ ಸಿಗದ ಬೆಲೆ ಅಂಚೆಯ ಮೊಹರಿಗೆ ಸಿಕ್ಕಿತು.

1959ರ ನವೆಂಬರ್ 2ರಂದು ವ್ಯಾನ್ ಡೋರೆನ್ ತಪ್ಪೊಪ್ಪಿಕೊಂಡ. ಅದಕ್ಕೆ ಮೊದಲು ನ್ಯೂಯಾರ್ಕಿನ ಗ್ರ್ಯಾಂಡ್ ಜ್ಯೂರಿಯ ಎದುರು ಪ್ರಮಾಣ ಮಾಡಿ ಸುಳ್ಳು ಹೇಳಿದ್ದವನು ಅವನೇ. ಆದರೂ ಸಮಿತಿಯ ಸದಸ್ಯರು ಒಬ್ಬರ ಹಿಂದೊಬ್ಬರಂತೆ ಅವನ ಪ್ರಾಮಾಣಿಕತೆಯನ್ನು ಹೊಗಳಿದರು. ಸ್ಟೀವನ್ ಡೆರೂನಿಯನ್ ಎಂಬ ಸದಸ್ಯರೊಬ್ಬರು ಮಾತ್ರ, ಇಷ್ಟು ಓದಿದವನು ಸತ್ಯ ಹೇಳಿದ್ದಕ್ಕೆ ಶಹಬ್ಬಾಸ್‌ಗಿರಿ ಏಕೆ ಎಂಬ ಅರ್ಥದಲ್ಲಿ ಆಕ್ಷೇಪಿಸಿದರು. ಅದೇ ಸತ್ಯವನ್ನು ಎರಡು ವರ್ಷ ಮುಂಚೆ ಹೇಳಿದ ಸ್ಟೆಂಪೆಲ್‌ಗೆ ಅಂಥ ಹೊಗಳಿಕೆ ಸಿಗಲಿಲ್ಲ. ವ್ಯಾನ್ ಡೋರೆನ್‌ಗೂ ಕಷ್ಟ ತಪ್ಪಲಿಲ್ಲ, ಎರಡೂ ನೌಕರಿಗಳು ಹೋದವು. ಕ್ವಿಜ್‌ನಲ್ಲಿ ಮೋಸ ಮಾಡುವುದು ಅಪರಾಧವೆಂಬ ಕಾನೂನು ಬಂದದ್ದು 1960ರಲ್ಲಿ. ಅದಕ್ಕೆ ಮೊದಲು ಸುಳ್ಳು ಸಾಕ್ಷ್ಯವಷ್ಟೇ ಅಪರಾಧವಾಗಿತ್ತು.

ಈ ಕಥೆ ನಮಗೇಕೆ? ಸಮಾಜ ಕೆಲವರಿಗೆ ವೇಷವನ್ನು ಮೊದಲೇ ಹೊಲಿದಿಟ್ಟಿರುತ್ತದೆ. ನಮ್ಮ ಸಿನಿಮಾಗಳ ಸಾಬರಿಗೆ ಎಷ್ಟೋ ಕಾಲ ಟೋಪಿ, ಗಡ್ಡ ಮತ್ತು ಒಡಕು ಕನ್ನಡವೇ ಗತಿಯಾಗಿರಲಿಲ್ಲವೇ? ಉರ್ದು, ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನಮಗೆ ‘ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!’ ಎಂಬ ಮೆಚ್ಚುಗೆ ಇಂದಿಗೂ ತಪ್ಪಿದ್ದಲ್ಲ. ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತು. ಆದರೆ ಅದರೊಳಗೆ, ನಿಮಗೆ ಬರಬಾರದಿತ್ತು ಎಂಬ ಅಚ್ಚರಿಯೂ ಅಡಗಿರುತ್ತದೆ.

ಉರ್ದುವಿನಲ್ಲಿ ಸಾಕ್ಷ್ಯಕ್ಕೆ ‘ಗವಾಹಿ’ ಎನ್ನುತ್ತೇವೆ. ತನಗೇ ವಿರುದ್ಧವಾದರೂ ಸತ್ಯಕ್ಕೆ ಗವಾಹಿ ನೀಡಬೇಕೆಂಬುದು ಕುರ್‌ಆನಿನ ಬೋಧನೆ. ನ್ಯಾಯದ ಎದುರು ಸಿರಿವಂತನೂ ಬಡವನೂ ಒಂದೇ ಎಂದೂ ಅದು ಕಲಿಸುತ್ತದೆ. ಸ್ಟೆಂಪೆಲ್ ತಡವಾಗಿಯಾದರೂ, ಬಹುಶಃ ಅಸೂಯೆಯಿಂದಲೇ ಆದರೂ, ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದ. ಅವನ ಕಾಲದವರು ಸಾಕ್ಷಿಯನ್ನು ತೂಗುವ ಮೊದಲು ಸಾಕ್ಷಿಯ ಸೂಟನ್ನು ನೋಡಿದರು.

ವ್ಯಾನ್ ಡೋರೆನ್ 2019ರಲ್ಲಿ, ಸ್ಟೆಂಪೆಲ್ 2020ರಲ್ಲಿ ತೀರಿಕೊಂಡರು. ನಾಳೆ ಸವೆದ ಕಾಲರಿನ ಒಬ್ಬ ಬಂದು ‘ನನಗೆ ಉತ್ತರ ಗೊತ್ತಿತ್ತು’ ಎಂದರೆ, ಕೂತು ಕೇಳುವಷ್ಟು ವ್ಯವಧಾನ ನಮಗಿದೆಯೇ?